ಸ್ತನ ಕ್ಯಾನ್ಸರ್ ಮೂಳೆಗೆ ಇಳಿಯುವುದು ಹೇಗೆ? ಒಂದೊಂದೇ ಹಂತ ನೋಡೋಣ

ಸ್ತನದ ಗಡ್ಡೆ ತೆಗೆಸಿ ವರ್ಷಗಳಾಗಿರುತ್ತವೆ. ಆಮೇಲೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಕಾಣಿಸಿತು ಎಂದರೆ ಮನೆಯವರು ಕಂಗಾಲಾಗುತ್ತಾರೆ. ಒಂದು ವಿಷಯ ಮೊದಲೇ ತಿಳಿದಿರಲಿ. ಇದು ಹೊಸದಾಗಿ ಹುಟ್ಟಿದ ಮೂಳೆ ಕ್ಯಾನ್ಸರ್ ಅಲ್ಲ, ಮೂಳೆಗೆ ಬಂದ ಸ್ತನ ಕ್ಯಾನ್ಸರ್. ಹಾಗಾಗಿ ಔಷಧಿಯನ್ನೂ ಸ್ತನ ಕ್ಯಾನ್ಸರ್ ಎಂದೇ ನೋಡಿ ಕೊಡುತ್ತಾರೆ.

ಹಂತ 1: ರಂಕ್ಸ್-2 ಪರಿಚಯ

ನಮ್ಮ ಜೀವಕೋಶಗಳಲ್ಲಿ ಜೀನ್‌ಗಳೆಲ್ಲ ಇದ್ದರೂ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಯಾವುದು ಯಾವಾಗ ದುಡಿಯಬೇಕು ಎಂದು ಡಿಎನ್ಎ ಮೇಲೆ ಕೂತು ತೀರ್ಮಾನಿಸುವ ಪ್ರೋಟೀನ್‌ಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಮೂಳೆಯ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ರಂಕ್ಸ್-2. ಕ್ಯಾನ್ಸರ್ ಮೂಳೆಗೆ ಇಳಿಯುವುದರಲ್ಲೂ ಇದರ ಕೈವಾಡವಿದೆ. ಇದು ಇಲ್ಲದ ಇಲಿಮರಿಗಳ ಅಸ್ಥಿಪಂಜರ ಬರೀ ಮೃದ್ವಸ್ಥಿಯಾಗಿಯೇ (ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು) ಉಳಿಯಿತು, ಮೂಳೆ ಆಗಲೇ ಇಲ್ಲ ಎಂದು 1997ರಲ್ಲಿ ಗೊತ್ತಾಯಿತು. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು. ಮನುಷ್ಯರಲ್ಲಿ ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಕೊರಳೆಲುಬು (ಕಾಲರ್ ಬೋನ್) ಸರಿಯಾಗಿ ಬೆಳೆಯುವುದಿಲ್ಲ.

ಹಂತ 2: ಕ್ಯಾನ್ಸರ್ ಕೋಶ ಮೂಳೆಯ ಗುಣ ಕಲಿಯುತ್ತದೆ

ಹರಡುವ ಸ್ವಭಾವದ ಹಲವು ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ರಂಕ್ಸ್-2 ಜಾಸ್ತಿ ಇರುತ್ತದೆ. ಅದು ಸುತ್ತಲಿನ ಅಂಗಾಂಶವನ್ನು ಕತ್ತರಿಸುವ ಎಂಎಂಪಿ-9, ಎಂಎಂಪಿ-13 ಕಿಣ್ವಗಳನ್ನು ಹೆಚ್ಚಿಸುತ್ತದೆ. ಹೊರಗೆ ದಾರಿಯಾಗುವುದು ಹೀಗೆ. ಜೊತೆಗೆ ಆಸ್ಟಿಯೋಪಾಂಟಿನ್‌ನಂಥ, ಮೂಳೆಯಲ್ಲಿ ಧಾರಾಳವಾಗಿರುವ ಪ್ರೋಟೀನ್‌ಗಳನ್ನೂ ಕೋಶ ತಯಾರಿಸತೊಡಗುತ್ತದೆ. ಸ್ತನದ ಕೋಶ ಮೂಳೆಯ ಕೋಶದ ಹಾಗೆ ನಡೆದುಕೊಳ್ಳುವುದು ನನಗೆ ಇಡೀ ಕಥೆಯಲ್ಲೇ ಅತ್ಯಂತ ಆತಂಕದ ಭಾಗ.

ಹಂತ 3: ನೆಲೆ ಸಿಗುತ್ತದೆ

ರಕ್ತಕ್ಕೆ ಇಳಿದ ಬಹುತೇಕ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಬೀಜ ಎಲ್ಲ ಕಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಹೇಳಿದ್ದರು. ಮೂಳೆ ಸೇರಿದ ಕೆಲವು ಕೋಶಗಳು ವರ್ಷಗಟ್ಟಲೆ ಸುಮ್ನೆ ಇದ್ದು, ಆಮೇಲೆ ಏಳುವುದೂ ಉಂಟು.

ಹಂತ 4: ಮೂಳೆ ಸವೆಯುವ ಚಕ್ರ

ನಿಜವಾದ ಹಾನಿ ಇಲ್ಲಿ. ಕ್ಯಾನ್ಸರ್ ಕೋಶ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನ್ ಬಿಡುತ್ತದೆ. ಅದರಿಂದ ಮೂಳೆ ಕಟ್ಟುವ ಕೋಶಗಳು ರ್‍ಯಾಂಕ್-ಎಲ್ ಎಂಬ ಇನ್ನೊಂದು ಪ್ರೋಟೀನ್ ಹೊರಹಾಕುತ್ತವೆ. ರ್‍ಯಾಂಕ್-ಎಲ್ ಸಿಕ್ಕಿದ್ದೇ ತಡ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಹೆಚ್ಚುತ್ತವೆ. ಕರಗಿದ ಮೂಳೆಯೊಳಗಿಂದ ಟಿಜಿಎಫ್-ಬೀಟಾ ಎಂಬ, ಕೋಶಗಳಿಗೆ ಸಂದೇಶ ಒಯ್ಯುವ ಪ್ರೋಟೀನ್ ಹೊರಬಂದು ಕ್ಯಾನ್ಸರ್ ಕೋಶವನ್ನು ಮುಟ್ಟುತ್ತದೆ. ಆ ಸಂದೇಶ ರಂಕ್ಸ್-2 ಜೊತೆ ಸೇರಿ ಮತ್ತಷ್ಟು ಪಿಟಿಎಚ್‌ಆರ್‌ಪಿ ಬರುವಂತೆ ಮಾಡುತ್ತದೆ. ಮತ್ತೆ ಮೊದಲಿನಿಂದ ಶುರು. ಇಲಿಗಳ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ರಂಕ್ಸ್-2 ತಗ್ಗಿಸಿದಾಗ ಮೂಳೆಯ ಹಾನಿಯೂ ತಗ್ಗಿತು. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಹೊಸ ಮೂಳೆ ಬೆಳೆಯುತ್ತದೆ, ಆದರೆ ಅಡ್ಡಾದಿಡ್ಡಿಯಾಗಿ. ಅದಕ್ಕೆ ಗಟ್ಟಿತನ ಇರುವುದಿಲ್ಲ.

ಹಂತ 5: ಚಕ್ರ ತಡೆಯುವುದು

ಹಾಗಾದರೆ ರಂಕ್ಸ್-2 ಅನ್ನೇ ನಿಲ್ಲಿಸಬಹುದಲ್ವಾ? ಕಷ್ಟ. ಒಳ್ಳೆಯ ಮೂಳೆಗೂ ಅದು ಬೇಕು. ಈಗ ಕೈಗೆ ಸಿಗುವುದು ಚಕ್ರದ ನಡುಭಾಗ. ಝೋಲೆಡ್ರೋನಿಕ್ ಆಸಿಡ್ ಎಂಬ ಔಷಧಿ ಆಸ್ಟಿಯೋಕ್ಲಾಸ್ಟ್‌ಗಳನ್ನು ಹತ್ತಿಕ್ಕುತ್ತದೆ. ಡೆನೊಸುಮ್ಯಾಬ್ ಇಂಜೆಕ್ಷನ್ ರ್‍ಯಾಂಕ್-ಎಲ್ ಅನ್ನು ತಡೆಯುತ್ತದೆ. ಇವು ಮೂಳೆ ಮುರಿತವನ್ನು ಕಡಿಮೆ ಮಾಡುತ್ತವೆ, ಕ್ಯಾನ್ಸರ್ ಅನ್ನು ವಾಸಿ ಮಾಡುವುದಿಲ್ಲ. ಶುರುಮಾಡುವ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಪರೂಪಕ್ಕೆ ದವಡೆಯ ಮೂಳೆ ಕೊಳೆಯುವ ತೊಂದರೆ ಆಗುತ್ತದೆ, ಹಲ್ಲು ಕೀಳಿಸಿದ ಮೇಲೆ ಅದರ ಅಪಾಯ ಹೆಚ್ಚು. ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟು ಬೇಕು ಎಂದೂ ಕೇಳಿ.

ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಮಲಗಿದರೂ ಕಡಿಮೆಯಾಗದ ಮೂಳೆ ನೋವು ಬಂದರೆ ಬರೀ ಮುಲಾಮು ಹಚ್ಚಿಕೊಂಡು ಕೂರಬೇಡಿ, ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಒಟ್ಟಿಗೆ ಕಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಎರಡಕ್ಕೂ ಅವತ್ತೇ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ.