ಆಸ್ಪತ್ರೆ ಬಿಲ್ಲು, ವಿಮೆಯ ಕಡಿತ: ನಿವೃತ್ತಿಯ ನಂತರ ನಾನು ಲೆಕ್ಕ ನೋಡುವ ಬಗೆ

ಆಸ್ಪತ್ರೆ ಬಿಲ್ಲು ಕೈಗೆ ಬಂದ ಕೂಡಲೇ ನಾನು ಕೊಠಡಿ ಬಾಡಿಗೆಯ ಸಾಲನ್ನು ಹುಡುಕುತ್ತೇನೆ. ಒಟ್ಟು ಮೊತ್ತ ಆಮೇಲೆ. ಪಾಲಿಸಿಯಲ್ಲಿ ಬಾಡಿಗೆಗೆ ಮಿತಿ ಇದ್ದರೆ ಇಡೀ ಕ್ಲೇಮಿನ ಲೆಕ್ಕ ಆ ಸಾಲಿನಿಂದಲೇ ಹೊರಡುತ್ತದೆ. ನಿವೃತ್ತರಿಗೆ ದೊಡ್ಡ ಮೊತ್ತ ಕೈತಪ್ಪುವುದೂ ಅಲ್ಲಿಯೇ.

ಹಳೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ದಿನದ ಬಾಡಿಗೆ ವಿಮಾ ಮೊತ್ತದ ಶೇ. 1, ಐಸಿಯುಗೆ ಶೇ. 2 ಎಂದಿರುತ್ತದೆ. ಮೂರು ಲಕ್ಷದ ಪಾಲಿಸಿಗೆ ದಿನಕ್ಕೆ 3,000 ರೂಪಾಯಿ ಆಯಿತು. ಅದರಲ್ಲಿ 6,000 ರೂಪಾಯಿಯ ಕೊಠಡಿ ತೆಗೆದುಕೊಂಡರೆ ಬಾಡಿಗೆಯ ಜೊತೆಗೆ ವೈದ್ಯರ ಭೇಟಿ, ನರ್ಸಿಂಗ್, ಆಪರೇಷನ್ ಥಿಯೇಟರ್, ಸರ್ಜನ್ ಶುಲ್ಕ ಎಲ್ಲದಕ್ಕೂ ವಿಮೆ ಕೊಡುವುದು ಅರ್ಧಕ್ಕೆ ಇಳಿಯುತ್ತದೆ. ಕೊಠಡಿಯ ದರ್ಜೆ ಏರಿದಂತೆ ಈ ಶುಲ್ಕಗಳನ್ನೂ ಆಸ್ಪತ್ರೆಗಳು ಏರಿಸುವುದರಿಂದ ಈ ನಿಯಮ ಬಂದಿದೆ. ಇದಕ್ಕೆ ಅನುಪಾತದ ಕಡಿತ ಎನ್ನುತ್ತಾರೆ. ಪಾಲಿಸಿಯಲ್ಲಿ ಬರೆದಿದ್ದರೆ ಒಪ್ಪಲೇಬೇಕು.

ಆದರೆ ಈ ಕಡಿತಕ್ಕೆ ಎಲ್ಲೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಗ್ರಿ, ಇಂಪ್ಲಾಂಟ್ ಮತ್ತು ವೈದ್ಯಕೀಯ ಸಾಧನ, ರಕ್ತಪರೀಕ್ಷೆ-ಸ್ಕ್ಯಾನಿಂಗಿನಂಥ ತಪಾಸಣೆ, ಈ ಮೂರಕ್ಕೆ ಅನುಪಾತ ಹಾಕುವಂತಿಲ್ಲ. ಐಸಿಯು ಶುಲ್ಕಕ್ಕೂ ಹಾಕುವಂತಿಲ್ಲ. ಕೊಠಡಿ ಯಾವುದಾದರೂ ಚಿಕಿತ್ಸೆಗೆ ಒಂದೇ ದರ ಇಟ್ಟಿರುವ ಆಸ್ಪತ್ರೆಯಾದರೆ ಅನುಪಾತದ ಮಾತೇ ಬರುವುದಿಲ್ಲ.

ಒಂದು ಲೆಕ್ಕ ನೋಡಿ. ಮೇಲಿನದೇ ಪಾಲಿಸಿ, ನಾಲ್ಕು ದಿನದ ದಾಖಲಾತಿ. ಬಾಡಿಗೆ 24,000, ವೈದ್ಯರು-ಥಿಯೇಟರ್-ನರ್ಸಿಂಗ್ ಸೇರಿ 90,000, ಔಷಧಿ 30,000, ಇಂಪ್ಲಾಂಟ್ 60,000, ತಪಾಸಣೆ 20,000. ಒಟ್ಟು 2,24,000. ಮೊದಲ ಎರಡು ಬಾಬತ್ತು ಅರ್ಧವಾಗಿ 57,000; ಉಳಿದ 1,10,000 ಪೂರ್ತಿ. ಸಿಗಬೇಕಾದದ್ದು 1,67,000. ಇಡೀ ಬಿಲ್ಲನ್ನೇ ಅರ್ಧ ಮಾಡಿದರೆ ಬರುವುದು 1,12,000. ವ್ಯತ್ಯಾಸ 55,000 ರೂಪಾಯಿ! ಸೆಟ್ಲ್‌ಮೆಂಟ್ ಪತ್ರದಲ್ಲಿ ಇದು 'ರೂಮ್ ರೆಂಟ್ ಅನುಪಾತ' ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತದೆ. ಬಿಲ್ಲನ್ನು ಐದು ಬಾಬತ್ತಾಗಿ ಒಡೆದು ಬರೆದುಕೊಳ್ಳದೆ ಇದು ಕಣ್ಣಿಗೆ ಬೀಳುವುದಿಲ್ಲ. ಬಾಬತ್ತುವಾರು ಹಾಳೆಯೊಂದನ್ನು ಜೋಡಿಸಿ ಮರುಪರಿಶೀಲನೆಗೆ ಬರೆಯುವುದು ನನ್ನ ಕ್ರಮ. 'ಅನ್ಯಾಯವಾಗಿದೆ' ಎಂದು ಎರಡು ಪುಟ ಬರೆಯುವುದಕ್ಕಿಂತ ಐದು ಸಾಲಿನ ಈ ಲೆಕ್ಕಕ್ಕೆ ತೂಕ ಹೆಚ್ಚು.

ಹಾಗಾಗಿ ನಿವೃತ್ತಿಯ ಹೊತ್ತಿಗೆ ಪಾಲಿಸಿ ಆರಿಸುವವರು ಕೇಳಿದರೆ, ಬಾಡಿಗೆ ಮಿತಿ ಇಲ್ಲದ ಅಥವಾ 'ಸಿಂಗಲ್ ಪ್ರೈವೇಟ್ ರೂಮ್' ಎಂದು ದರ್ಜೆಯಲ್ಲಿ ಬರೆದ ಪಾಲಿಸಿಗೆ ಹೋಗಿ ಎನ್ನುತ್ತೇನೆ. ಹತ್ತು ಲಕ್ಷದ ವಿಮೆ ಎಂಬ ದೊಡ್ಡ ಅಕ್ಷರಕ್ಕಿಂತ ಈ ಸಣ್ಣ ಷರತ್ತು ಮುಖ್ಯ. ಆರೋಗ್ಯ ಸಂಜೀವನಿ ಪಾಲಿಸಿ ಅಗ್ಗ, ಎಲ್ಲ ಕಂಪನಿಯಲ್ಲೂ ಒಂದೇ ಷರತ್ತು. ಆದರೆ ಬಾಡಿಗೆ ವಿಮಾ ಮೊತ್ತದ ಶೇ. 2, ಗರಿಷ್ಠ 5,000, ಐಸಿಯುಗೆ ಶೇ. 5, ಗರಿಷ್ಠ 10,000. ಕಣ್ಣಿನ ಪೊರೆಗೆ ಕಣ್ಣೊಂದಕ್ಕೆ ವಿಮಾ ಮೊತ್ತದ ಶೇ. 25 ಅಥವಾ 40,000, ಯಾವುದು ಕಡಿಮೆಯೋ ಅದು. ಎಲ್ಲ ಕ್ಲೇಮಿಗೂ ಶೇ. 5 ಕೋ-ಪೇ, ಅಂದರೆ ಅಷ್ಟು ಪಾಲು ನಮ್ಮ ಕೈಯಿಂದ. ತಾಲ್ಲೂಕು, ಜಿಲ್ಲಾ ಕೇಂದ್ರದ ಆಸ್ಪತ್ರೆ ದರಕ್ಕೆ ಇದು ಸಾಕಾಗಬಹುದು. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೆ ಸಾಕಾಗದು.

ಊರಿನ ವಿಷಯಕ್ಕೇ ಬಂದರೆ, ಕೆಲವು ಪಾಲಿಸಿಗಳಲ್ಲಿ ವಲಯವಾರು ಪ್ರೀಮಿಯಂ ಇರುತ್ತದೆ. ಸಣ್ಣ ಊರಿನ ವಿಳಾಸಕ್ಕೆ ಕಡಿಮೆ ಕಂತು, ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಹೆಚ್ಚುವರಿ ಕೋ-ಪೇ. ಹಾಸನದಲ್ಲೋ ಶಿವಮೊಗ್ಗದಲ್ಲೋ ಇದ್ದು ದೊಡ್ಡ ಕಾಯಿಲೆಗೆ ಬೆಂಗಳೂರಿಗೆ ಬರುವವರು ಈ ಷರತ್ತನ್ನು ಹುಡುಕಿ ಓದಬೇಕು. ಹಿರಿಯರ ಪಾಲಿಸಿಗಳಲ್ಲಿ ಶೇ. 20 ಕೋ-ಪೇ ಸಾಮಾನ್ಯ. ನಾಲ್ಕು ಲಕ್ಷ ಒಪ್ಪಿತವಾದರೆ ಎಂಬತ್ತು ಸಾವಿರ ಕೈಯಿಂದ, ಕಡಿತವಾದ ಬಾಬತ್ತುಗಳು ಬೇರೆ.

ಕಂಪನಿ ಕೊಟ್ಟ ಗ್ರೂಪ್ ವಿಮೆಯನ್ನು ನಂಬಿಕೊಂಡವರು ನಿವೃತ್ತಿಯ ದಿನದವರೆಗೆ ಕಾಯಬಾರದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಈಗಾಗಲೇ ಕಳೆದ ವರ್ಷಗಳು ಕಾಯುವ ಅವಧಿಗೆ (ಮೊದಲೇ ಇದ್ದ ಕಾಯಿಲೆಗೆ ವಿಮೆ ಹಣ ಕೊಡದ ಆರಂಭದ ಅವಧಿ) ಜಮೆಯಾಗುತ್ತವೆ, ಅದೂ ಹಳೆಯ ವಿಮಾ ಮೊತ್ತದಷ್ಟಕ್ಕೆ ಮಾತ್ರ. ಗ್ರೂಪಿನಲ್ಲಿ ಮೂರು ಲಕ್ಷವಿದ್ದು ಈಗ ಹತ್ತು ಲಕ್ಷ ತೆಗೆದುಕೊಂಡರೆ ಉಳಿದ ಏಳು ಲಕ್ಷಕ್ಕೆ ಕಾಯುವಿಕೆ ಹೊಸದಾಗಿ ಶುರು. ಗ್ರೂಪ್ ಪಾಲಿಸಿ ಮುಗಿದು ನಡುವೆ ಖಾಲಿ ಬಿದ್ದರೆ ಆ ಜಮೆಯೂ ಕೈತಪ್ಪಬಹುದು. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು, ಮೊದಲು 48 ಇತ್ತು. 65 ದಾಟಿದವರಿಗೆ ಹೊಸ ಪಾಲಿಸಿ ಕೊಡದಿರಲು ಕಂಪನಿಗಳಿಗೆ ಆಸರೆಯಾಗಿದ್ದ ಹಳೆಯ ವಯೋಮಿತಿಯೂ ಹೋಗಿದೆ. 60 ತಿಂಗಳು ಸತತವಾಗಿ ನಡೆದ ಪಾಲಿಸಿಯನ್ನು, ವಂಚನೆ ಸಾಬೀತಾಗದ ಹೊರತು, ಕಾಯಿಲೆ ಮುಚ್ಚಿಟ್ಟಿರಿ ಎಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಬಿಪಿ, ಸಕ್ಕರೆ ಕಾಯಿಲೆ ಬರೆಯದೆ ಅರ್ಜಿ ತುಂಬುವುದು ಬೇಡ. ಏಜೆಂಟ್ 'ಅದೆಲ್ಲ ಬೇಡ ಸರ್' ಎಂದರೂ ಸಹಿ ನಿಮ್ಮದು.

ಮೂಲ ಪಾಲಿಸಿಯ ಮೊತ್ತ ಏರಿಸುವುದಕ್ಕೆ ದುಡ್ಡು ಹೆಚ್ಚು. ಸೂಪರ್ ಟಾಪ್-ಅಪ್ ಕಡಿಮೆಗೆ ಸಿಗುತ್ತದೆ. ಬರೀ ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ. ಎರಡೂ ಒಂದು ಹೊಸ್ತಿಲು ದಾಟಿದ ಖರ್ಚಿಗಷ್ಟೇ ಹಣ ಕೊಡುತ್ತವೆ. ಐದು ಲಕ್ಷದ ಹೊಸ್ತಿಲು ಇಟ್ಟುಕೊಂಡು, ಒಂದೇ ವರ್ಷದಲ್ಲಿ ಮೂರೂವರೆ ಲಕ್ಷ ಮತ್ತು ನಾಲ್ಕು ಲಕ್ಷದ ಎರಡು ದಾಖಲಾತಿ ಆದವು ಅಂದುಕೊಳ್ಳಿ. ಟಾಪ್-ಅಪ್ ಏನೂ ಕೊಡುವುದಿಲ್ಲ, ಯಾವ ಬಿಲ್ಲೂ ಐದು ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ ಎರಡೂವರೆ ಲಕ್ಷ ಕೊಡುತ್ತದೆ. ಪ್ರೀಮಿಯಂ ಹೋಲಿಸುವಾಗ ಹಳೆಯ ಪಟ್ಟಿ ನೋಡಬೇಡಿ: ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಇನ್ನು ಬಿಲ್ಲು. ಆಸ್ಪತ್ರೆಯಲ್ಲಿರುವಾಗಲೇ ದಿನದ ಮಧ್ಯಂತರ ಬಿಲ್ಲು ಕೇಳಿ ಪಡೆಯುತ್ತೇನೆ. ಡಿಸ್ಚಾರ್ಜ್ ದಿನ ಮೂವತ್ತು ಪುಟ ಒಟ್ಟಿಗೆ ಬಂದರೆ ಯಾರಿಗೂ ಓದಲು ಆಗುವುದಿಲ್ಲ. ನೋಡುವ ಜಾಗಗಳು ಇವು: ಐಸಿಯುನಿಂದ ವಾರ್ಡಿಗೆ ಬಂದ ದಿನ ಎರಡೂ ಕಡೆಯ ಬಾಡಿಗೆ ಬಿದ್ದಿದೆಯೇ, ಬಂದ ವೈದ್ಯರ ಭೇಟಿಗೂ ಬಿಲ್ಲಿನ ಭೇಟಿಗೂ ತಾಳೆಯಿದೆಯೇ, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದ್ದು ದಿನಕ್ಕೆ ಎಷ್ಟು ಸಲ, ಬರೆದದ್ದು ಎಷ್ಟು, ಆಮ್ಲಜನಕ ಗಂಟೆ ಲೆಕ್ಕದಲ್ಲಿದ್ದರೆ ಮಾಸ್ಕ್ ತೆಗೆದ ಮೇಲೂ ಓಡುತ್ತಿದೆಯೇ. ಔಷಧಿಯಲ್ಲಿ ತಪ್ಪು ಹೆಚ್ಚು. ಬಳಸದ ಇಂಜೆಕ್ಷನ್‌ಗಳು ಫಾರ್ಮಸಿಗೆ ವಾಪಸ್ಸಾದಾಗ ಜಮೆಯ ಚೀಟಿ ಬರಬೇಕು, ಅಂತಿಮ ಬಿಲ್ಲಿನಲ್ಲಿ ಅದು ಕಳೆದಿರಬೇಕು. ಸ್ಟೆಂಟ್, ಮೊಣಕಾಲಿನ ಇಂಪ್ಲಾಂಟುಗಳಿಗೆ 2017ರಿಂದ ಔಷಧ ಬೆಲೆ ಪ್ರಾಧಿಕಾರದ ಗರಿಷ್ಠ ಬೆಲೆ ಇದೆ. ಇಂಪ್ಲಾಂಟಿನ ಸ್ಟಿಕ್ಕರ್ ಕೇಳಿ ಇಟ್ಟುಕೊಳ್ಳಿ, ಅದಿಲ್ಲದೆ ಕ್ಲೇಮ್ ನಿಂತುಹೋಗುತ್ತದೆ.

'ನಾನ್-ಪೇಯಬಲ್' ಎಂದು ವಿಮೆ ಕಡಿದ ಬಾಬತ್ತುಗಳಿಗೂ ಪಟ್ಟಿ ಇದೆ, ಒಟ್ಟು ನಾಲ್ಕು. ಮೊದಲ ಪಟ್ಟಿಯ 68 ವಸ್ತುಗಳನ್ನು (ಡೈಪರ್, ಕೈಗವಸು, ಮಾಸ್ಕ್, ನೆಬ್ಯುಲೈಸರ್ ಕಿಟ್, ಸೊಂಟದ ಬೆಲ್ಟ್) ವಿಮೆ ಕೊಡಬೇಕಿಲ್ಲ. ಹೆಚ್ಚುವರಿ ಕಂತು ಕಟ್ಟಿ ಅದಕ್ಕೆಂದೇ ರೈಡರ್ (ಪಾಲಿಸಿಗೆ ಸೇರಿಸುವ ಹೆಚ್ಚಿನ ರಕ್ಷಣೆ) ತೆಗೆದುಕೊಂಡಿದ್ದರೆ ಮಾತ್ರ ಸಿಗಬಹುದು. ಉಳಿದ ಮೂರು ಪಟ್ಟಿಗಳು ಬೇರೆ ಜಾತಿಯವು. ಹೌಸ್‌ಕೀಪಿಂಗ್, ಫೈಲ್ ಶುಲ್ಕ, ಡಿಸ್ಚಾರ್ಜ್ ಶುಲ್ಕ, ಪಲ್ಸ್ ಆಕ್ಸಿಮೀಟರ್ ಬಾಡಿಗೆಯೊಳಗೆ ಅಡಕ. ಹತ್ತಿ, ಗಾಜ್, ಸರ್ಜಿಕಲ್ ಬ್ಲೇಡ್ ಶಸ್ತ್ರಚಿಕಿತ್ಸೆಯ ಶುಲ್ಕದೊಳಗೆ. ನೋಂದಣಿ ಶುಲ್ಕ, ಯೂರಿನ್ ಬ್ಯಾಗ್ ಚಿಕಿತ್ಸೆಯ ವೆಚ್ಚದೊಳಗೆ. ಇವನ್ನು ಆಸ್ಪತ್ರೆ ಪ್ರತ್ಯೇಕ ಸಾಲಾಗಿ ಹಾಕುತ್ತದೆ, ವಿಮೆ ಕಡಿಯುತ್ತದೆ, ಹಣ ನಿಮ್ಮಿಂದ ಹೋಗುತ್ತದೆ. ಇಲ್ಲಿ ಪ್ರಶ್ನೆ ಕೇಳಬೇಕಾದದ್ದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರನ್ನು, ಅದೂ ಹಣ ಕಟ್ಟುವ ಮೊದಲು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ರೋಗಿಗೆ ವಿವರವಾದ ಬಿಲ್ಲು ಪಡೆಯುವ ಹಕ್ಕಿದೆ. ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ.

ಬಿಲ್ಲಿಗಿಂತ ಅಪಾಯದ ಕಾಗದ ಡಿಸ್ಚಾರ್ಜ್ ಸಮ್ಮರಿ. ರಾತ್ರಿ ದಾಖಲಿಸುವಾಗ ಡ್ಯೂಟಿ ಡಾಕ್ಟರು ಕೇಳುತ್ತಾರೆ, ಜೊತೆಗಿದ್ದವರು 'ಬಿಪಿ ಒಂದು ಹತ್ತು ವರ್ಷದಿಂದ ಇರಬೇಕು' ಎನ್ನುತ್ತಾರೆ. ಆ ಅಂದಾಜು ಅಚ್ಚಾಗುತ್ತದೆ; ಪಾಲಿಸಿ ಮೂರು ವರ್ಷದ್ದಾಗಿದ್ದರೆ, ಕೊಳ್ಳುವಾಗಲೇ ಕಾಯಿಲೆ ಇತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ಸಹಿಯಾಗುವ ಮುನ್ನ ಕರಡು ಓದಿ, ಕಾಯಿಲೆ ಶುರುವಾದ ವರ್ಷವನ್ನು ಮೊದಲ ಚೀಟಿ ತೋರಿಸಿ ಸರಿಪಡಿಸಿಕೊಳ್ಳಿ. ಆಮೇಲೆ ತಿದ್ದಬೇಕಾದರೆ ಚಿಕಿತ್ಸೆ ಕೊಟ್ಟ ವೈದ್ಯರ ಪತ್ರ, ಹಳೆಯ ಚೀಟಿಗಳ ಪ್ರತಿ ಎರಡೂ ಬೇಕು. 'ತಪಾಸಣೆಗಾಗಿ ದಾಖಲು' ಎಂಬ ಒಕ್ಕಣೆಯೂ ಕ್ಲೇಮನ್ನು ಕೆಡಿಸುತ್ತದೆ. ಕೊಟ್ಟ ಚಿಕಿತ್ಸೆ, ಇಂಜೆಕ್ಷನ್ ವಿವರ ಅಲ್ಲಿ ಇರಲೇಬೇಕು. ವೈದ್ಯಕೀಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ.

ಕ್ಯಾಶ್‌ಲೆಸ್‌ನಲ್ಲಿ (ವಿಮೆ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವ ಕ್ರಮ) ಕಂಪನಿ ಒಂದು ಗಂಟೆಯೊಳಗೆ ಮೊದಲ ಅನುಮತಿ ತೀರ್ಮಾನಿಸಬೇಕು, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ. ತಡವಾಗಿ ಹೆಚ್ಚುವರಿ ಬಾಡಿಗೆ ಬಿದ್ದರೆ ಅದು ಕಂಪನಿಯ ಹೊರೆ ಎಂದು 2024ರ ಮೇ 29ರ ಸುತ್ತೋಲೆ ಹೇಳುತ್ತದೆ. ಆಸ್ಪತ್ರೆ ಟಿಪಿಎಗೆ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಕೋರಿಕೆ ಕಳಿಸಿದ ಹೊತ್ತನ್ನು ಕೌಂಟರಿನಲ್ಲಿ ಕೇಳಿ ಬರೆದಿಡಿ, ಬರೆದದ್ದು ಇಲ್ಲದಿದ್ದರೆ ಈ ನಿಯಮ ಉಪಯೋಗಕ್ಕೆ ಬಾರದು.

ಕಡಿತಕ್ಕೆ ಒಪ್ಪದಿದ್ದರೆ ಫೋನಿನಲ್ಲಿ ವಾದ ಬೇಡ. ಮೊದಲು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್, ಟಿಪಿಎಗೆ ಬರೆದದ್ದು ಲೆಕ್ಕಕ್ಕಿಲ್ಲ. ಜೊತೆಗೆ ಬಿಮಾ ಭರೋಸಾ ಜಾಲತಾಣದಲ್ಲಿ ದೂರು, ಅಥವಾ 155255ಕ್ಕೆ ಕರೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ತಕರಾರು ತೀರ್ಮಾನಿಸುವ ವಿಮಾ ಲೋಕಪಾಲರ (ಒಂಬುಡ್ಸ್ಮನ್) ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರು, ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, ಕಂಪನಿಯ ಉತ್ತರದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಪಾಲಿಸಿಯ ಪೂರ್ತಿ ಷರತ್ತು ಪುಸ್ತಕ, ಬಾಬತ್ತುವಾರು ಬಿಲ್ಲು, ಸೆಟ್ಲ್‌ಮೆಂಟ್ ಪತ್ರ, ಕುಂದುಕೊರತೆ ಅಧಿಕಾರಿಗೆ ಬರೆದ ಇಮೇಲಿನ ಮುದ್ರಿತ ಪ್ರತಿ, ಮತ್ತು ಮೇಲೆ ಹೇಳಿದ ಲೆಕ್ಕದ ಹಾಳೆ, ಇಷ್ಟನ್ನು ಇದೇ ಕ್ರಮದಲ್ಲಿ ಜೋಡಿಸುತ್ತೇನೆ. ವಿಚಾರಣೆಯಲ್ಲಿ ಆ ಹಾಳೆಯಿಂದಲೇ ಮಾತು ಶುರು ಮಾಡಬಹುದು.