ಮಾಂಟಾದ ಹೊಟ್ಟೆಯ ಫೋಟೊ ತೆಗೆಯಲು ಕಲಿತದ್ದು

ಮಾಂಟಾ ಅಂದರೆ ಒಂದು ಜಾತಿಯ ದೊಡ್ಡ ತೊರಕೆ ಮೀನು. ಮೊದಲ ತಿಂಗಳು ನಾನು ತೆಗೆದ ಮಾಂಟಾ ಫೋಟೊಗಳೆಲ್ಲ ಬೆನ್ನಿನವೇ. ನೋಡಲು ಚೆಂದ, ಕೆಲಸಕ್ಕೆ ಬಾರದವು. ಯಾವುದು ಯಾವ ಮಾಂಟಾ ಎಂದು ಗುರುತು ಹಿಡಿಯಲು ಹೊಟ್ಟೆ ಕಾಣಬೇಕು. ಬಿಳಿ ಹೊಟ್ಟೆಯ ಮೇಲೆ, ಅದರಲ್ಲೂ ಕಿವಿರುಗಳ ನಡುವೆ, ಕಪ್ಪು ಮಚ್ಚೆಗಳಿರುತ್ತವೆ. ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ.

ನಾನು ಮಲ್ಪೆ ಕಡೆಯವನು. ಮಾಲ್ಡೀವ್ಸ್‌ನ ಉಂಗುರದಂಥ ಹವಳದ ದ್ವೀಪಗಳ ಗುಂಪಾದ ಬಾ ಅಟಾಲ್‌ನಲ್ಲಿ ಸ್ನಾರ್ಕೆಲ್ (ಬಾಯಲ್ಲಿಟ್ಟು ಉಸಿರಾಡುವ ಕೊಳವೆ) ಹಾಕಿಕೊಂಡು ಈಜುವವರಿಗೆ ಗೈಡ್ ಆಗಿ ಎರಡು ಸೀಸನ್ ಕೆಲಸ ಮಾಡಿದೆ. ಅಲ್ಲಿ ದೋಣಿಗೆ ಧೋನಿ ಅಂತಾರೆ, ಅಷ್ಟಕ್ಕೇ ಊರು ಹತ್ತಿರ ಅನಿಸುತ್ತಿತ್ತು. ನಮ್ಮಲ್ಲಿ ಮಳೆಗಾಲ ಅಂದರೆ ಬೋಟುಗಳು ದಡದಲ್ಲಿ, ಅಲ್ಲಿ ಅದೇ ಮುಂಗಾರು ಅಂದರೆ ಮಾಂಟಾ ಸೀಸನ್. ಮುಂಗಾರಿನ ನೀರಿನ ಸೆಳೆತ ಪ್ಲಾಂಕ್ಟನ್ ಅನ್ನು, ಅಂದರೆ ಮಾಂಟಾ ತಿನ್ನುವ, ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು, ಅಟಾಲ್‌ನ ಪೂರ್ವದ ಕಡೆಗೆ ತರುತ್ತದೆ, ಅಲ್ಲಿರುವ ಹನಿಫಾರು ಎಂಬ ಪುಟ್ಟ ಕೊಲ್ಲಿ ಆಲಿಕೆಯ ಆಕಾರದಲ್ಲಿರುವುದರಿಂದ ಭರತದ ನೀರು ಒಳಗೆ ಬಂದಾಗ ಪ್ಲಾಂಕ್ಟನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಜಾಸ್ತಿ. ಹನಿಫಾರುವಿನಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವಂತಿಲ್ಲ, ಸ್ನಾರ್ಕೆಲ್ ಮಾತ್ರ. ಹಾಗಾಗಿ ಉಸಿರು ಹಿಡಿದು ಕೆಳಗೆ ಹೋಗಿಯೇ ಹೊಟ್ಟೆ ನೋಡಬೇಕು.

ನನ್ನ ತಪ್ಪು ಏನಂದರೆ, ಕಂಡ ತಕ್ಷಣ ಅದರ ಹಿಂದೆ ಬೀಳುತ್ತಿದ್ದೆ. 3 ಮೀಟರ್ ಅಗಲದ ಪ್ರಾಣಿ, ರೆಕ್ಕೆ ಒಂದು ಸಲ ಬಡಿದರೆ ಸಾಕು, ಮುಗೀತು. ನನ್ನ ಜೊತೆಗಿದ್ದ ಅಲ್ಲಿಯ ಹಿರಿಯ ಗೈಡ್, ಹಿಂದಿ ಸಿನಿಮಾ ನೋಡಿ ಹಿಂದಿ ಕಲಿತವರು, ಒಂದು ದಿನ ಬೈದೇ ಬಿಟ್ಟರು. ಅಟ್ಟಿಸಿಕೊಂಡು ಹೋಗಬೇಡ, ಅದು ತಿನ್ನುತ್ತಾ ಬರುವ ದಾರಿ ನೋಡಿಕೋ, ಪಕ್ಕದಲ್ಲಿ ಸುಮ್ನೆ ತೇಲುತ್ತಿರು, ಅದೇ ಬರುತ್ತದೆ ಎಂದರು. ನಿಜವಾಗಿಯೂ ಬಂತು. ಬಾಯಿ ತೆರೆದುಕೊಂಡು, ತಲೆಯ ಎರಡು ಕೊಂಬುಗಳಂಥ ರೆಕ್ಕೆಗಳನ್ನು ಬಿಚ್ಚಿ ನೀರನ್ನು ಬಾಯಿಗೆ ತಳ್ಳಿಕೊಳ್ಳುತ್ತಾ, ನನ್ನಿಂದ ಒಂದು ಕೈ ದೂರದಲ್ಲಿ ಸರಿಯಿತು. ಈಜುವಾಗ ಆ ಕೊಂಬುಗಳನ್ನು ಸುರುಳಿ ಸುತ್ತಿಕೊಂಡಿರುತ್ತದೆ, ಅವು ಬಿಚ್ಚಿದವು ಅಂದರೆ ಊಟ ಶುರು ಎಂದರ್ಥ. ಬಾಲದಲ್ಲಿ ಮುಳ್ಳಿಲ್ಲ, ಹೆದರಿಕೆ ಬೇಡ. ಆದರೆ ಮುಟ್ಟಬಾರದು, ಅದರ ಮೈಮೇಲಿನ ಲೋಳೆಯ ಪದರ ಹಾಳಾಗುತ್ತದೆ.

ಪ್ಲಾಂಕ್ಟನ್ ದಟ್ಟವಾಗಿದ್ದರೆ ಒಂದೇ ಕಡೆ ಲಾಗ ಹೊಡೆಯುತ್ತಾ ತಿನ್ನುತ್ತವೆ, ಮತ್ತೆ ಮತ್ತೆ. ಫೋಟೊಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ, ಹೊಟ್ಟೆ ತಾನೇ ಮೇಲೆ ಬರುತ್ತದೆ. ತುಂಬಾ ಇದ್ದಾಗ ಒಂದರ ಹಿಂದೆ ಒಂದು ಸಾಲಾಗಿ, ಆಮೇಲೆ ಆ ಸಾಲೇ ಸುಳಿಯಂತೆ ಗುಂಡಾಗಿ ಸುತ್ತುತ್ತದೆ. ಒಂದು ಸಲ ನೋಡಿದ್ದೇನೆ. ಆವತ್ತು ಮೂವತ್ತರವರೆಗೆ ಎಣಿಸಿ ಬಿಟ್ಟೆ, ಒಂದು ಸರಿಯಾದ ಫೋಟೊ ಬರಲಿಲ್ಲ!

ಹೊಟ್ಟೆಯ ಫೋಟೊದಿಂದ ಬೇರೆಯೂ ತಿಳಿಯುತ್ತದೆ. ಬಾಲದ ಬುಡದಲ್ಲಿ ಎರಡು ಕೋಲಿನಂಥವು ಇದ್ದರೆ ಗಂಡು. ಇಲ್ಲದಿದ್ದರೆ ಹೆಣ್ಣು. ಹೆಣ್ಣಿನ ರೆಕ್ಕೆಯ ತುದಿಯಲ್ಲಿ, ಹೆಚ್ಚಾಗಿ ಎಡಗಡೆ, ಕಚ್ಚಿದ ಗಾಯದ ಗುರುತಿದ್ದರೆ ಅದು ಕೂಡುವಾಗ ಗಂಡು ಹಿಡಿದುಕೊಂಡದ್ದು. ಹೊಟ್ಟೆ, ಬೆನ್ನು ಎರಡೂ ಉಬ್ಬಿದ್ದರೆ ಬಸುರಿ.

ಅಮ್ಮನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. "ಎಂತ ಮಗಾ, ಅಷ್ಟು ದೊಡ್ಡ ತೊರಕೆ, ಅಲ್ಲಿ ಸಾರು ಮಾಡುವುದಿಲ್ವಾ?" ಎಂದರು. ಇಲ್ಲಮ್ಮಾ, ಹಿಡಿದರೆ ಕೇಸು ಎಂದೆ. ಬಂಗುಡೆ ಸಾವಿರಾರು ಮೊಟ್ಟೆ ಹಾಕುತ್ತದೆ, ಇದಕ್ಕೆ ಒಂದು ವರ್ಷದ ಬಸಿರು, ಹೆಚ್ಚಾಗಿ ಒಂದೇ ಮರಿ, ಆಮೇಲೆ ಎರಡು ಮೂರು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ ಬಿಡುವು. ಬೇರೆ ಕಡೆ ಕಿವಿರಿನ ಒಳಗಿನ ಜರಡಿಗಾಗಿ ಹಿಡಿಯುತ್ತಾರೆ, ಚೀನಾದಲ್ಲಿ ಅದನ್ನು ಔಷಧಿ ಎಂದು ಮಾರುತ್ತಾರೆ. ಹೀಗೆ ಹಿಡಿದರೆ ಆ ಜಾಗದಲ್ಲಿ ಮತ್ತೆ ತುಂಬಿಕೊಳ್ಳುವುದು ತುಂಬಾ ಕಷ್ಟ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪಾಪ, ಬಿಡು" ಎಂದರು.

ಎರಡನೇ ಸೀಸನ್‌ನಲ್ಲಿ ಒಂದು ದಿನ ರಾತ್ರಿ ಕೂತು ಫೋಟೊ ಹೋಲಿಸುತ್ತಿದ್ದಾಗ ಒಂದರ ಮಚ್ಚೆ ಎಲ್ಲೋ ನೋಡಿದ ಹಾಗಿದೆ ಅನಿಸಿತು. ಹಳೆಯದನ್ನು ತೆಗೆದೆ. ಅದೇ! ಹಿಂದಿನ ವರ್ಷ ಹೊಟ್ಟೆ ಉಬ್ಬಿದ್ದದ್ದು, ಈಗ ಚಪ್ಪಟೆ. ಮರಿ ಹಾಕಿರಬೇಕು. ಅವು ಮರಿ ಹಾಕುವುದನ್ನು ನಾನು ಕಂಡಿಲ್ಲ, ಆದರೆ ಈ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಎರಡನೆಯದರಲ್ಲಿ ಎಡ ರೆಕ್ಕೆಯ ತುದಿ ಫ್ರೇಮಿನ ಹೊರಗೆ ಹೋಗಿದೆ. ಹೊಸ ಗಾಯ ಇತ್ತೋ ಇಲ್ಲವೋ ಎಂದು ಈಗಲೂ ತಲೆ ಕೆಡಿಸಿಕೊಳ್ಳುತ್ತೇನೆ.