ಬಕೆಟ್ಟಿನ ಕಾಂಪೋಸ್ಟ್ ಟೀ: ನಮ್ಮ ಕರಾವಳಿಯ ಸೆಕೆಗೆ ಹೊಂದುವ ಅಳತೆ

ಕಾಂಪೋಸ್ಟ್ ಟೀ ಅಂದರೆ ಗೊಬ್ಬರವನ್ನು ಕಾಕಂಬಿ ಇಲ್ಲವೇ ಬೆಲ್ಲ ಹಾಕಿದ ನೀರಿನಲ್ಲಿ ನೆನೆಹಾಕಿ, ಪಂಪಿನಿಂದ ಗಾಳಿ ಬಿಟ್ಟು, ಅದರ ಸೂಕ್ಷ್ಮಜೀವಿಗಳನ್ನು ಹೆಚ್ಚಿಸಿ ಗಿಡಕ್ಕೆ ಹೊಯ್ಯುವ ನೀರು. ಇದರ ಹೊರದೇಶದ ಅಳತೆಗಳು ಹೆಚ್ಚಾಗಿ 20 ಡಿಗ್ರಿ ಆಸುಪಾಸಿನ ನೀರಿಗೆ ಹೇಳಿದವು. 20 ಲೀಟರಿಗೆ ಎರಡು ದೊಡ್ಡ ಚಮಚ ಕಾಕಂಬಿ, 24ರಿಂದ 36 ಗಂಟೆ ಗಾಳಿ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆ ಏಪ್ರಿಲಿನ ಮಧ್ಯಾಹ್ನ ಬಕೆಟ್ಟಿನ ನೀರು 30 ಡಿಗ್ರಿ ದಾಟುತ್ತದೆ. ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಸೆಕೆಗೆ ಬ್ಯಾಕ್ಟೀರಿಯಾಗಳ ಉಸಿರಾಟವೂ ಜೋರಾಗುತ್ತದೆ. ಅಂದರೆ ಗಾಳಿ ಕಡಿಮೆ, ತಿನ್ನುವವರು ಹೆಚ್ಚು. ಬೆಲ್ಲ ಹೆಚ್ಚಾದಷ್ಟೂ ಅವು ವೇಗವಾಗಿ ಹೆಚ್ಚಿ ಇದ್ದಬದ್ದ ಆಮ್ಲಜನಕ ಮುಗಿಸುತ್ತವೆ, ನೀರು ಹುಳಿಯುತ್ತದೆ. ಅದಕ್ಕೇ ನಾನು ಸಿಹಿಯನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿ, ಹೊತ್ತನ್ನು 18ರಿಂದ 24 ಗಂಟೆಗೆ ಇಳಿಸಿದ್ದೇನೆ. ಮೇ ತಿಂಗಳಲ್ಲಿ 18 ಸಾಕು.

ಬಕೆಟ್ 20 ಲೀಟರಿನದು, ನೀರು 15 ಲೀಟರ್ ಮಾತ್ರ. ಮೇಲಿನ ಜಾಗ ನೊರೆಗೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಎರಡು ಬಾಯಿಯ ಏರ್ ಪಂಪ್, ಒಂದೊಂದು ಬಾಯಿಗೆ ನಿಮಿಷಕ್ಕೆ 4 ಲೀಟರ್ ಗಾಳಿಯದ್ದು, ಇಷ್ಟು ನೀರಿಗೆ ಸರಿಯಾಗುತ್ತದೆ. ಒಂದೇ ಬಾಯಿಯದ್ದು ಸಾಲದು. ಪೆಟ್ಟಿಗೆಯ ಮೇಲೆ ಬರೆದ ಅಳತೆ ನೀರಿನ ಆಳದಲ್ಲಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. 100 ಲೀಟರಿನ ಡ್ರಮ್ಮಿಗೆ ಹೋಗುವವರು ಚಿಕ್ಕ ಪಂಪುಗಳನ್ನು ಸೇರಿಸುತ್ತ ಕೂರುವುದು ಬೇಡ, ನಿಮಿಷಕ್ಕೆ 35 ಲೀಟರಿಗಿಂತ ಹೆಚ್ಚು ಗಾಳಿ ಕೊಡುವ ಒಂದು ದೊಡ್ಡ ಪಂಪನ್ನೇ ತರಬೇಕು.

ಪಂಪ್ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಕರೆಂಟು ಹೋದ ಕೂಡಲೇ ಪೈಪಿನೊಳಗೆ ಕಂದು ನೀರು ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಪಂಪ್ ನೆಲದಲ್ಲಿದ್ದರೆ ಆ ನೀರು ನೇರ ಒಳಗೆ ಇಳಿದು ಪಂಪನ್ನು ಸುಡುತ್ತದೆ. ನಾನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಪೈಪಿಗೆ ಕಡಿಮೆ ಬೆಲೆಗೆ ಸಿಗುವ, ನೀರು ಹಿಂದಕ್ಕೆ ಬಾರದ ಹಾಗೆ ತಡೆಯುವ ಚೆಕ್ ವಾಲ್ವ್ ಕೂಡ ಹಾಕಿದ್ದೇನೆ.

ಗೊಬ್ಬರ 400 ಗ್ರಾಂ, ದೊಡ್ಡ ತೆಂಗಿನ ಗೆರಟೆಯಲ್ಲಿ ಸುಮಾರು ಮೂರು. ತೆಂಗಿನ ಮಡಲಿನ ಎರೆಗೊಬ್ಬರ ನನ್ನ ಮೊದಲ ಆಯ್ಕೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ರೂಢಿಗೆ ತಂದ ಈ ವಿಧಾನದಲ್ಲಿ ಮಡಲಿನ ತೂಕದ ಹತ್ತನೇ ಒಂದು ಪಾಲು ಸೆಗಣಿ ಸೇರಿಸಿ ಯೂಡ್ರಿಲಸ್ ಜಾತಿಯ ಎರೆಹುಳ ಬಿಡುತ್ತಾರೆ. ಗೊಬ್ಬರ ತೇವವಾಗಿರಬೇಕು, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಚೀಲದಲ್ಲಿ ವರ್ಷಗಟ್ಟಲೆ ಒಣಗಿದ್ದರಿಂದ ಬಣ್ಣದ ನೀರು ಸಿಗುತ್ತದೆ, ಜೀವ ಸಿಗುವುದಿಲ್ಲ.

ಹಟ್ಟಿಯ ಹಸಿ ಸೆಗಣಿಯನ್ನು, ಅರ್ಧ ಕೊಳೆತ ಹಟ್ಟಿಗೊಬ್ಬರವನ್ನು ಇದಕ್ಕೆ ಹಾಕಲೇಬಾರದು. ಈ ಮಾತನ್ನು ಒತ್ತಿ ಹೇಳುತ್ತೇನೆ. ಗೊಬ್ಬರದಲ್ಲಿ ಸೆಗಣಿಯಿಂದ ಬರುವ, ಹೊಟ್ಟೆ ಕೆಡಿಸಬಲ್ಲ ಇ. ಕೋಲಿ ಬ್ಯಾಕ್ಟೀರಿಯಾ ಒಂದಿಷ್ಟು ಉಳಿದಿದ್ದರೂ ಬೆಲ್ಲದ ನೀರಿನಲ್ಲಿ ಅದೂ ಉಳಿದವುಗಳ ಜೊತೆ ಹೆಚ್ಚುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ಸಂಕಟ ಕಂಡ ಜಿಲ್ಲೆ ನಮ್ಮದು. ವಿಷ ಬೇಡವೆಂದು ಸಾವಯವ ಹಿಡಿದವರ ಊಟದ ಬಟ್ಟಲಿಗೆ ಇನ್ನೊಂದು ದಾರಿಯಲ್ಲಿ ರೋಗ ಬರಬಾರದು. ಹಸಿಯಾಗಿ ತಿನ್ನುವ ಮುಳ್ಳುಸೌತೆ, ಕೊತ್ತಂಬರಿ ಸೊಪ್ಪುಗಳ ಮೇಲೆ ನಾನು ಇದನ್ನು ಸಿಂಪಡಿಸುವುದೇ ಇಲ್ಲ, ಬುಡಕ್ಕೂ ಎಲೆಗೆ ಹಾರದ ಹಾಗೆ ಹೊಯ್ಯುತ್ತೇನೆ.

ಸಿಹಿಗೆ ಜೋನಿ ಬೆಲ್ಲ ಒಂದು ದೊಡ್ಡ ಚಮಚ, 15 ಮಿಲಿಲೀಟರ್. ಕಪ್ಪಗಿದ್ದಷ್ಟೂ ಒಳ್ಳೆಯದು, ಬಿಳಿ ಮಾಡಲು ರಾಸಾಯನಿಕ ಹಾಕಿದ ಅಚ್ಚುಬೆಲ್ಲ ಬೇಡ. ಕಾಳುಮೆಣಸು, ಕಂಗು (ಅಡಿಕೆ ಮರ), ತೆಂಗಿನ ಬುಡಕ್ಕಾದರೆ ಶಿಲೀಂಧ್ರ ಹೆಚ್ಚಿರುವ ಟೀ ಬೇಕು. ಅದಕ್ಕೆ ಬೆಲ್ಲ ಬಿಟ್ಟು, 400 ಗ್ರಾಂ ಗೊಬ್ಬರಕ್ಕೆ ಎರಡು ಚಮಚ ಓಟ್ಸ್ ಹುಡಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಮೂರು ನಾಲ್ಕು ದಿನ ನೆರಳಲ್ಲಿಡುತ್ತೇನೆ. ಹತ್ತಿಯ ಹಾಗೆ ಬಿಳಿ ಎಳೆ ಕಟ್ಟಿದ ಮೇಲೆ ಬಕೆಟ್ಟಿಗೆ.

ನೀರು ಬಾವಿಯದ್ದು ಅಥವಾ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದು. ಸುರಂಗದ ನೀರು ತಂಪಾಗಿರುವುದರಿಂದ ಬೇಸಿಗೆಯಲ್ಲಿ ದೊಡ್ಡ ಅನುಕೂಲ. ಪೈಪಿನಲ್ಲಿ ಬರುವ ಕ್ಲೋರಿನ್ ನೀರಾದರೆ ಮೊದಲು ರಾತ್ರಿಯಿಡೀ ಗಾಳಿ ಬಿಟ್ಟು ಆಮೇಲೆ ಗೊಬ್ಬರ. ಬಕೆಟ್ ನೆರಳಿನಲ್ಲಿ, ಸುತ್ತ ಒದ್ದೆ ಗೋಣಿ. ಗೊಬ್ಬರವನ್ನು ಸೊಳ್ಳೆಪರದೆಯ ಚೀಲದಲ್ಲಿ ಸಡಿಲವಾಗಿ ಕಟ್ಟಿ ಇಳಿಬಿಟ್ಟು, ಪೈಪಿನ ತುದಿಯಲ್ಲಿ ಸಣ್ಣ ಗುಳ್ಳೆ ಬಿಡುವ ಕಲ್ಲು, ಅಂದರೆ ಏರ್ ಸ್ಟೋನ್, ಒಂದನ್ನು ಚೀಲದ ಕೆಳಗೆ, ಇನ್ನೊಂದನ್ನು ಬಕೆಟ್ಟಿನ ಅಂಚಿಗೆ ಇಡಬೇಕು. ಮೂಲೆಯಲ್ಲಿ ನಿಂತ ನೀರು ಇರಬಾರದು. ಬೈರಾಸಿನಂಥ ದಟ್ಟ ಬಟ್ಟೆಯಲ್ಲಿ ಕಟ್ಟಿದರೆ ಶಿಲೀಂಧ್ರದ ಎಳೆ ಹೊರಗೇ ಬರುವುದಿಲ್ಲ.

ನೊರೆ ನೋಡಿ ಸಂತೋಷಪಡುವವರು ತುಂಬ ಜನ. ಬರೀ ಬೆಲ್ಲಕ್ಕೂ ನೊರೆ ಬರುತ್ತದೆ, ಅದು ಗುಣದ ಲಕ್ಷಣವಲ್ಲ. ಉಕ್ಕಿ ಚೆಲ್ಲುವ ಹಾಗಾದರೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ತಗ್ಗುತ್ತದೆ. ನಂಬಬೇಕಾದ್ದು ಮೂಗನ್ನು. ಹತ್ತು ಗಂಟೆಯಾಗುವಾಗ ಬೆಲ್ಲದ ಸಿಹಿ ವಾಸನೆ ತಗ್ಗಬೇಕು, ಕೊನೆಗೆ ಮಣ್ಣಿನ ವಾಸನೆ ಮಾತ್ರ ಉಳಿಯಬೇಕು. ಹುಳಿ, ಹೆಂಡ, ಕೊಳೆತ ಮೊಟ್ಟೆ, ಇವುಗಳಲ್ಲಿ ಯಾವ ವಾಸನೆ ಬಂದರೂ ಗಿಡಕ್ಕೆ ಹಾಕದೆ ತರಗೆಲೆಯ ರಾಶಿಗೆ ಚೆಲ್ಲುತ್ತೇನೆ. ಕರೆಂಟು ಹೋಗಿ ಅರ್ಧ ಗಂಟೆಯಾದರೆ ಎರಡು ಬಕೆಟ್ಟಿನ ನಡುವೆ ಎತ್ತರದಿಂದ ಹೊಯ್ದಾಡಿಸುತ್ತ ಇರಬೇಕು. ಹೀಗೆ ಮಾಡಲಾಗದೆ ಎರಡು ಗಂಟೆ ನಿಂತದ್ದನ್ನು ನಾನು ಬಳಸುವುದಿಲ್ಲ. ಮಳೆಗಾಲದಲ್ಲಿ ಇನ್ವರ್ಟರ್ ಇಲ್ಲದಿದ್ದರೆ ಬಕೆಟ್ ಇಡುವುದೇ ಬೇಡ.

ಪಂಪ್ ನಿಲ್ಲಿಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಅಲಸಂಡೆ, ಬದನೆ, ತೊಂಡೆಯ ಬುಡಕ್ಕೆ ಒಂದಕ್ಕೆ ನಾಲ್ಕು ನೀರು ಬೆರೆಸಿ ಗಿಡಕ್ಕೆ ಒಂದು ಲೀಟರ್, ಹದಿನೈದು ದಿನಕ್ಕೊಮ್ಮೆ. ಹೊಯ್ಯುವುದು ಸಂಜೆ, ಮಣ್ಣು ಒದ್ದೆ ಇರುವಾಗ, ಮೇಲೆ ಸೊಪ್ಪಿನ ಮುಚ್ಚಿಗೆ ಇದ್ದರೆ ಇನ್ನೂ ಒಳ್ಳೆಯದು. ಇದು ಗೊಬ್ಬರಕ್ಕೆ ಬದಲಿಯಲ್ಲ. 400 ಗ್ರಾಮಿನಲ್ಲಿ ಇರುವ ಸಾರಜನಕ ಎಷ್ಟೋ ಅಷ್ಟೇ.

ಅಡಿಕೆಯ ಕೊಳೆರೋಗಕ್ಕೂ ಇದು ಮದ್ದಲ್ಲ. ಕಂಗಿಗೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಬಿಡುವುದನ್ನು ಇದನ್ನು ನಂಬಿ ನಿಲ್ಲಿಸಬೇಡಿ. ಆದರೆ ಮೈಲುತುತ್ತು ಕಂಡ ಸ್ಪ್ರೇಯರಿಗೆ ಕಾಂಪೋಸ್ಟ್ ಟೀ ಹಾಕಲೂಬೇಡಿ, ತಳದಲ್ಲಿ ಉಳಿದ ತಾಮ್ರವೇ ಅದನ್ನು ಸಾಯಿಸುತ್ತದೆ. ಎರಡಕ್ಕೂ ಬೇರೆ ಬೇರೆ ಡಬ್ಬ ಇರಬೇಕು.

ಕೆಲಸ ಮುಗಿದ ತಕ್ಷಣ ತೊಳೆಯಬೇಕು, ನಾಳೆಗೆ ಇಡಬಾರದು. ಬಕೆಟ್ಟಿನ ಗೋಡೆಗೆ ಬೆರಳಾಡಿಸಿದರೆ ಜಾರುವ ಲೋಳೆ ಸಿಗುತ್ತದೆ, ಪೈಪಿನೊಳಗೂ ಅದೇ. ಒಣಗಿದರೆ ಬಿಡಿಸುವುದು ಕಷ್ಟ, ಮುಂದಿನ ಸಲದ ಟೀ ಕೆಡುವುದು ಅಲ್ಲಿಂದಲೇ. ಸ್ಟೋನನ್ನು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಗಾಳಿ ಊದಿ, ಬಿಸಿಲಿಗೆ ಇಡುತ್ತೇನೆ. ಗುಳ್ಳೆ ದೊಡ್ಡದಾಗಿ ಒಂದೇ ಕಡೆಯಿಂದ ಬರತೊಡಗಿದರೆ ಆ ಸ್ಟೋನ್ ಕಟ್ಟಿಕೊಂಡಿದೆ, ಹೊಸದು ಹಾಕಬೇಕು.